ಸ್ವರಾಜ್ ದ್ವೀಪದ ಮದುವೆಗೆ ಹೊರಡುವವರಿಗೆ

ಮನೆಮಂದಿಗೆಲ್ಲ ನಮಸ್ಕಾರ. ನಿನ್ನೆ ಅಣ್ಣ ಲಗ್ನಪತ್ರಿಕೆಯನ್ನು ಗುಂಪಿಗೆ ಹಾಕಿದಾಗಿನಿಂದ ನೀವೆಲ್ಲ ಕೇಳಿರುವ ಪ್ರಶ್ನೆಗಳನ್ನು ಓದಿದೆ. 8.40 ಎಂಬ ಮುಹೂರ್ತದ ವೇಳೆ ತಪ್ಪಾಗಿ ಅಚ್ಚಾಗಿದೆಯೇ ಎಂದು ದೊಡ್ಡಪ್ಪ ಕೇಳಿದ್ದಾರೆ. ಹಿಂದಿನ ದಿನ ಬೆಳಗಿನ ವಿಮಾನಕ್ಕೆ ಹೊರಟರೆ ಸಾಲದೇ ಎಂದು ಭಾವ ಕೇಳಿದ್ದಾರೆ. ಎಂಥ ಸೀರೆ ತರಬೇಕೆಂದು ಚಿಕ್ಕಮ್ಮನ ಪ್ರಶ್ನೆ. ಎಂಬತ್ತೊಂದು ವರ್ಷದ ನಮ್ಮ ಅಮ್ಮನಿಗೆ ಇಷ್ಟು ದೂರದ ಪ್ರಯಾಣ ಆದೀತೇ ಎಂಬ ಚಿಂತೆ ಎಲ್ಲರಿಗೂ ಇದೆ. ನಮ್ಮವರಿಗೆ ವರ್ಗವಾದಾಗ ನಾಲ್ಕು ವರ್ಷ ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿ ಸಂಸಾರ ಮಾಡಿದವಳಾದ್ದರಿಂದ ನನಗೆ ತಿಳಿದಷ್ಟನ್ನು ಹೇಳುತ್ತೇನೆ. ಸ್ವಲ್ಪ ಉದ್ದವಾಗಬಹುದು, ಬಿಡುವು ಮಾಡಿಕೊಂಡು ಕೇಳಿ.

ಭಾವನವರ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ದಯವಿಟ್ಟು ಹಿಂದಿನ ದಿನ ಹೊರಡಬೇಡಿ. ಬೆಂಗಳೂರಿನಿಂದ ವಿಮಾನ ಇಳಿಯುವುದು ಪೋರ್ಟ್ ಬ್ಲೇರಿನಲ್ಲಿ. ಮದುವೆ ಇರುವುದು ಅಲ್ಲಿಂದ ಸುಮಾರು ನಲವತ್ತು ಕಿಲೋಮೀಟರ್ ಕಡಲು ದಾಟಿ ಹೋಗಬೇಕಾದ ದ್ವೀಪದಲ್ಲಿ. ವೇಗದ ಖಾಸಗಿ ಹಡಗಿನಲ್ಲಿ ಒಂದೂವರೆ ಗಂಟೆಯಾಗುತ್ತದೆ, ಸರ್ಕಾರಿ ಹಡಗಿನಲ್ಲಿ ಎರಡೂವರೆ ಗಂಟೆಯವರೆಗೂ ಹಿಡಿಯುತ್ತದೆ. ಗಾಳಿ ಎದ್ದರೆ ಎರಡೂ ನಿಲ್ಲುತ್ತವೆ, ಆಗ ದುಡ್ಡು ಕೊಟ್ಟರೂ ಕೈಮುಗಿದರೂ ಆಚೆ ದಡ ಸೇರುವ ದಾರಿಯಿಲ್ಲ. ನಾವು ಅಲ್ಲಿದ್ದಾಗ ಪರಿಚಯದವರೊಬ್ಬರ ಮಗಳ ಮದುವೆಗೆ ಸೋದರಮಾವ ಹಿಂದಿನ ಮಧ್ಯಾಹ್ನವಷ್ಟೇ ಬಂದಿಳಿದರು. ಆ ಸಂಜೆ ಹಡಗು ಹೊರಡಲಿಲ್ಲ, ಮರುದಿನ ಬೆಳಿಗ್ಗೆಯೂ ಹೊರಡಲಿಲ್ಲ. ತಂಗಿಯ ಮಗಳನ್ನು ಮಂಟಪಕ್ಕೆ ಕರೆತರಬೇಕಾದವರು ಜರಿಪಂಚೆ ಉಟ್ಟು ಹಡಗುಕಟ್ಟೆಯ ಬೆಂಚಿನ ಮೇಲೆ ಕುಳಿತು, ಮೊಬೈಲಿನಲ್ಲಿ ಧಾರೆಯನ್ನು ನೋಡುತ್ತಿದ್ದರು. ಮಾಂಗಲ್ಯಧಾರಣೆಯ ಹೊತ್ತಿಗೆ ಸರಿಯಾಗಿ ಅದೂ ಕಡಿದುಹೋಯಿತು. ಅವರ ಪಕ್ಕದಲ್ಲಿ ನಮ್ಮವರು ಕುಳಿತಿದ್ದರು, ಆ ದಿನವನ್ನು ಅವರು ಇಂದಿಗೂ ಮರೆತಿಲ್ಲ. ಆದ್ದರಿಂದ ಮುಹೂರ್ತಕ್ಕೆ ಎರಡು ದಿನ ಮೊದಲೇ ಎಲ್ಲರೂ ದ್ವೀಪದಲ್ಲಿರಬೇಕು. ಹಿಂದಿರುಗುವಾಗಲೂ ಒಂದು ರಾತ್ರಿ ಪೋರ್ಟ್ ಬ್ಲೇರಿನಲ್ಲಿ ತಂಗಿ, ಮರುದಿನದ ವಿಮಾನ ಹಿಡಿಯಬೇಕು. ಹಾಗೆ ಉಳಿಯುವ ದಿನ ವ್ಯರ್ಥವಾಗುವುದಿಲ್ಲ. 1906ರಲ್ಲಿ ಕಟ್ಟಿ ಮುಗಿಸಿದ ಸೆಲ್ಯುಲರ್ ಜೈಲು ಅದೇ ಊರಿನಲ್ಲಿದೆ. ಮಕ್ಕಳಿಗೆ ಅದನ್ನು ತಪ್ಪದೆ ತೋರಿಸಿ.

ಊರುಗಳ ಹೆಸರಿನಲ್ಲಿ ಗೊಂದಲವಾಗಬಾರದು. ಹ್ಯಾವ್ಲಾಕ್ ದ್ವೀಪಕ್ಕೆ 2018ರಲ್ಲಿ ಸ್ವರಾಜ್ ದ್ವೀಪವೆಂದೂ, ಪೋರ್ಟ್ ಬ್ಲೇರಿಗೆ 2024ರಲ್ಲಿ ಶ್ರೀ ವಿಜಯಪುರಂ ಎಂದೂ ಹೆಸರು ಬದಲಾಯಿತು, ಆದರೆ ಟಿಕೆಟುಗಳಲ್ಲಿಯೂ ಜನರ ಬಾಯಲ್ಲಿಯೂ ಹಳೆಯ ಹೆಸರುಗಳು ಉಳಿದುಕೊಂಡಿವೆ. ನಮ್ಮ ಮದುವೆ ನಡೆಯುವ ಕಡಲತೀರದ ಹೆಸರು ವಿಜಯನಗರ. ಹಂಪಿಯನ್ನು ನೆನೆಯುವ ನಮಗೆ ಕಿವಿಗೆ ಹಿತವಾದ ಹೆಸರು. ಪೂರ್ವಬಂಗಾಳದಿಂದ ಬಂದ ನಿರಾಶ್ರಿತರು ನೆಲೆಸಿದ ದ್ವೀಪ ಅದು, ಗೋವಿಂದನಗರ, ರಾಧಾನಗರ, ಕೃಷ್ಣನಗರ ಎಂಬ ಊರುಗಳೂ ಅಲ್ಲಿವೆ.

ದೊಡ್ಡಪ್ಪ, ಮುಹೂರ್ತದ ವೇಳೆ ತಪ್ಪಾಗಿ ಅಚ್ಚಾಗಿಲ್ಲ. ನಿಮ್ಮ ಪಂಚಾಂಗದಲ್ಲಿ ಆ ಮೇಷ ಲಗ್ನದ, ಎಂದರೆ ಮೇಷ ರಾಶಿ ಪೂರ್ವದಲ್ಲಿ ಉದಯಿಸುವ ಹೊತ್ತಿನ, ಮುಹೂರ್ತ 9.40ಕ್ಕೆ ಬರುವುದೂ ನಿಜವೇ. ಬೆಂಗಳೂರಿಗಿಂತ ಆ ದ್ವೀಪ ಹದಿನೈದು ರೇಖಾಂಶದಷ್ಟು ಪೂರ್ವಕ್ಕಿದೆ, ಒಂದು ರೇಖಾಂಶಕ್ಕೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ಒಂದು ಗಂಟೆಯಾಯಿತು. ಗಡಿಯಾರ ಮಾತ್ರ ದೇಶಕ್ಕೆಲ್ಲ ಒಂದೇ ಆದ್ದರಿಂದ ಇಲ್ಲಿ 9.40ಕ್ಕೆ ಉದಯಿಸುವ ಲಗ್ನ ಅಲ್ಲಿ 8.40ಕ್ಕೇ ಉದಯಿಸುತ್ತದೆ. ತಿಥಿ, ನಕ್ಷತ್ರಗಳು ಮುಗಿಯುವ ಗಳಿಗೆ ಎರಡೂ ಕಡೆ ಒಂದೇ. ಲಗ್ನ, ರಾಹುಕಾಲಗಳು ಮಾತ್ರ ಆ ಊರಿನ ಸೂರ್ಯನನ್ನು ನೋಡಿ ಹೇಳಬೇಕಾದವು. ಪುರೋಹಿತರು ಅದನ್ನು ಗುಣಿಸಿಯೇ ಬರೆದುಕೊಟ್ಟಿದ್ದಾರೆ. ಫೆಬ್ರವರಿ ಕೊನೆಯ ವಾರದಲ್ಲಿ ಅಲ್ಲಿ ಬೆಳಿಗ್ಗೆ ಸುಮಾರು 5.40ಕ್ಕೆ ಸೂರ್ಯೋದಯ, ಸಂಜೆ ಐದೂವರೆಯೊಳಗೆ ಸೂರ್ಯಾಸ್ತ. ಹೀಗಾಗಿ ನಾಲ್ಕೂವರೆಗೆ ಎದ್ದು ಸ್ನಾನ ಮಾಡುವುದು ಅಲ್ಲಿ ಹೊರೆಯೆನಿಸುವುದಿಲ್ಲ. ಆರತಕ್ಷತೆಯ ಫೋಟೋಗಳು ಹಗಲು ಬೆಳಕಿನಲ್ಲಿ ಬರಬೇಕೆಂದರೆ ನಾಲ್ಕು ಗಂಟೆಗೆಲ್ಲ ಅಲಂಕಾರ ಮುಗಿದಿರಬೇಕೆಂದು ಹುಡುಗಿಯರಿಗೆ ಈಗಲೇ ಹೇಳಿಬಿಡುತ್ತೇನೆ.

ಚಿಕ್ಕಮ್ಮ, ಸೀರೆಯ ವಿಷಯ ನಿಮಗಾಗಿಯೇ ವಿವರವಾಗಿ ಹೇಳುತ್ತೇನೆ. ಅಲ್ಲಿನ ಸೆಕೆ ಬೆಂಗಳೂರಿನ ಬಿಸಿಲಿನಂತಲ್ಲ, ಮಂಗಳೂರಿನ ಏಪ್ರಿಲ್ ತಿಂಗಳಿನಂತೆ ಮೈಗೆ ಅಂಟಿಕೊಳ್ಳುತ್ತದೆ. ದಪ್ಪ ಜರಿಯ ಕಂಚಿ ಸೀರೆ ಉಟ್ಟು ಮರಳಿನ ಮೇಲೆ ಎರಡು ಗಂಟೆ ಕುಳಿತರೆ ಜೀವ ಬೇಸತ್ತುಹೋಗುತ್ತದೆ. ಧಾರೆಗೆ ಹಗುರವಾದ ಮೈಸೂರು ಸಿಲ್ಕ್ ಕ್ರೇಪ್ ಸಾಕು, ಉಳಿದ ಹೊತ್ತಿಗೆ ಇಳಕಲ್ ಅಥವಾ ಹತ್ತಿಯ ಸೀರೆ ಇರಲಿ. ಬೆಳ್ಳಿಯ ಜರಿ ಉಪ್ಪುಗಾಳಿಗೆ ಬಹಳ ಬೇಗ ಕಪ್ಪಾಗುತ್ತದೆ. ಅತ್ತೆಯವರು ಕೊಟ್ಟಿದ್ದ ನನ್ನ ಗಿಳಿಹಸಿರು ಸೀರೆಯ ಸೆರಗು ಅಲ್ಲಿನ ಬೀರುವಿನಲ್ಲಿ ಒಂದೇ ಮಳೆಗಾಲಕ್ಕೆ ತಾಮ್ರದ ಬಣ್ಣಕ್ಕೆ ತಿರುಗಿತು, ಇಂದಿಗೂ ಮೊದಲಿನಂತಾಗಿಲ್ಲ. ತರಲೇಬೇಕೆಂದರೆ ಹಳೆಯ ಪಂಚೆಯಲ್ಲಿ ಸುತ್ತಿ ತನ್ನಿ, ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ. ಮನೆಗೆ ಬಂದ ದಿನವೇ ನೆರಳಿನಲ್ಲಿ ಹರವಿ ಗಾಳಿಯಾಡಿಸಿ. ಎತ್ತರದ ಹಿಮ್ಮಡಿಯ ಚಪ್ಪಲಿ ಮರಳಿನಲ್ಲಿ ಹೂತುಹೋಗುತ್ತದೆ. ಇಳಿತದ ಹೊತ್ತಿನಲ್ಲಿ ಆ ತೀರದಲ್ಲಿ ಚೂಪಾದ ಹವಳದ ಕಲ್ಲುಗಳು ಮೇಲೆ ಕಾಣಿಸಿಕೊಳ್ಳುವುದರಿಂದ ನೀರಿಗೆ ಇಳಿಯುವವರು ಬರಿಗಾಲಿನಲ್ಲಿ ಇಳಿಯಬಾರದು.

ಸಾಮಾನು ಕಟ್ಟುವಾಗ ನಮ್ಮ ಕಡೆಯವರು ತಪ್ಪುವುದು ಪೂಜಾ ಸಾಮಗ್ರಿಯಲ್ಲಿ. ಕರ್ಪೂರವನ್ನೂ ಬೆಂಕಿಪೊಟ್ಟಣವನ್ನೂ ವಿಮಾನಕ್ಕೆ ಬಿಡುವುದಿಲ್ಲ. ಕೊಬ್ಬರಿ ಗಿಟುಕು ಎಣ್ಣೆಯಂಶದಿಂದ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದೆಂಬ ಕಾರಣಕ್ಕೆ ಅದನ್ನೂ ತಡೆಯುತ್ತಾರೆ. ಮಡಿಲು ತುಂಬುವುದಕ್ಕೆಂದು ಪ್ರತಿಯೊಬ್ಬರೂ ನಾಲ್ಕು ಗಿಟುಕು ತಂದು ತಪಾಸಣೆಯಲ್ಲಿ ಕಳೆದುಕೊಳ್ಳುವುದು ಬೇಡ. ಅಂಡಮಾನಿನಲ್ಲಿ ತೆಂಗಿನಕಾಯಿಗೆ ಬರವಿಲ್ಲ. ಕೊಬ್ಬರಿ, ಕರ್ಪೂರ ಎರಡನ್ನೂ ಪೋರ್ಟ್ ಬ್ಲೇರಿನ ಪೇಟೆಯಲ್ಲಿ ನಾನೇ ಕೊಳ್ಳುತ್ತೇನೆ. ತುಪ್ಪ, ಉಪ್ಪಿನಕಾಯಿ, ಎಣ್ಣೆಯ ಬಾಟಲಿಗಳು ಕೈಚೀಲದಲ್ಲಿ ಇರದಿರಲಿ. ಮುಯ್ಯಿ ಮಾಡುವವರು ಬೆಂಗಳೂರಿನ ಬೀಗರೂಟದ ದಿನ ಮಾಡಿದರೆ ಸಾಕೆಂದು ಅತ್ತಿಗೆ ಹೇಳಿದ್ದಾರೆ. ಎಲ್ಲರ ಆಧಾರ್ ಕಾರ್ಡು ಮೂಲಪ್ರತಿಯೇ ಜೊತೆಯಲ್ಲಿರಲಿ. ಅಮೆರಿಕದಿಂದ ಬರುವವರು ಪಾಸ್‌ಪೋರ್ಟಿನ ಜೊತೆಗೆ ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡನ್ನೂ ತರಬೇಕು. ದ್ವೀಪದಲ್ಲಿ ಎಟಿಎಂಗಳು ಕಡಿಮೆ, ಇಂಟರ್ನೆಟ್ಟನ್ನು ನಂಬಿಕೊಂಡು ಬರಿಗೈಯಲ್ಲಿ ಬರಬೇಡಿ, ಸ್ವಲ್ಪ ನಗದು ಇಟ್ಟುಕೊಳ್ಳಿ.

ಇನ್ನು ಅಮ್ಮನ ವಿಷಯ. ಅಮ್ಮನನ್ನು ಖಂಡಿತ ಕರೆದೊಯ್ಯೋಣ, ಮೊಮ್ಮಗಳ ಮೇಲೆ ಅಕ್ಷತೆ ಹಾಕಲು ಅವರಿಲ್ಲದಿದ್ದರೆ ಹೇಗೆ? ವಿಮಾನದ ಎರಡೂವರೆ ಗಂಟೆಗಿಂತ ಹಡಗಿನ ಒಂದೂವರೆ ಗಂಟೆಯ ಬಗ್ಗೆಯೇ ಎಚ್ಚರ ಬೇಕು. ಕಡಲಿನ ಉಬ್ಬರ ಇಳಿತಕ್ಕೆ ತಕ್ಕಂತೆ ಹಡಗಿನ ಬಾಗಿಲು ಕಟ್ಟೆಗಿಂತ ಒಮ್ಮೆ ಮೇಲಿರುತ್ತದೆ, ಒಮ್ಮೆ ಕೆಳಗಿರುತ್ತದೆ. ನಡುವೆ ಹಾಕುವ ಹಲಗೆ ಅಲುಗಾಡುತ್ತಲೇ ಇರುತ್ತದೆ. ಹಡಗಿನ ಹುಡುಗರು ಕೈಹಿಡಿದು ದಾಟಿಸುತ್ತಾರೆ, ಆದರೂ ಅಮ್ಮನ ಹಿಂದೆ ಒಬ್ಬರು, ಮುಂದೆ ಒಬ್ಬರು ನಮ್ಮವರಿರಬೇಕು. ಗಾಲಿಕುರ್ಚಿ ಕಟ್ಟೆಯವರೆಗೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಕೆಳ ಅಂತಸ್ತಿನ ನಡುಭಾಗದಲ್ಲಿ ಕುಳಿತರೆ ತೂಗಾಟ ಕಡಿಮೆ. ಬರಿ ಹೊಟ್ಟೆಯೂ ಬೇಡ, ಹೊಟ್ಟೆ ತುಂಬ ತಿಂಡಿಯೂ ಬೇಡ, ಎರಡು ಇಡ್ಲಿ ಸಾಕು. ವಾಂತಿಯ ಮಾತ್ರೆಯನ್ನು ಹೊರಡುವ ಒಂದು ಗಂಟೆ ಮೊದಲು ನುಂಗಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಪ್ರಯೋಜನವಿಲ್ಲ. ಅಮ್ಮನ ಬಿಪಿ ಮಾತ್ರೆಯ ಜೊತೆ ಅದು ಹೊಂದುತ್ತದೆಯೇ ಎಂದು ನಮ್ಮ ಡಾಕ್ಟರನ್ನು ಈ ವಾರವೇ ಕೇಳುತ್ತೇನೆ. ದ್ವೀಪದಲ್ಲಿರುವುದು ಚಿಕ್ಕ ಆರೋಗ್ಯ ಕೇಂದ್ರ, ದೊಡ್ಡ ಆಸ್ಪತ್ರೆ ಬೇಕೆಂದರೆ ಮತ್ತೆ ಕಡಲು ದಾಟಬೇಕು. ಹಾಗಾಗಿ ನಿತ್ಯದ ಔಷಧಿ ತೆಗೆದುಕೊಳ್ಳುವವರೆಲ್ಲ ಹತ್ತು ದಿನಕ್ಕೆ ಆಗುವಷ್ಟನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಿ.

ಮಕ್ಕಳ ತಾಯಂದಿರಿಗೆ ಒಂದೆರಡು ಮಾತು. ಮುಂಜಾನೆ, ಮುಸ್ಸಂಜೆ ಮರಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನೊಣಗಳು ಕಚ್ಚುತ್ತವೆ, ಕೆರೆದುಕೊಂಡರೆ ವಾರಗಟ್ಟಲೆ ಗಾಯ ಮಾಯುವುದಿಲ್ಲ. ಕಾಲಿಗೆ ತೆಂಗಿನೆಣ್ಣೆ ದಟ್ಟವಾಗಿ ಸವರಿ ಕಳುಹಿಸಿ. ಮೊಸಳೆಯ ಎಚ್ಚರಿಕೆಯ ಫಲಕವಿರುವ ಕಡೆ ಮೊಣಕಾಲು ನೀರಿಗೂ ಬಿಡಬೇಡಿ. 2010ರಲ್ಲಿ ರಾಧಾನಗರ ತೀರದ ಬಳಿ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾಗಿದ್ದಾರೆ. ದಡದಲ್ಲಿ ಬಿದ್ದಿರುವ ಹವಳದ ತುಂಡು ಸತ್ತದ್ದಾದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದನ್ನು ತೆಗೆದುಕೊಂಡು ಹೋಗುವುದು ಅಪರಾಧ, ಹಿಂದಿರುಗುವಾಗ ವಿಮಾನ ನಿಲ್ದಾಣದಲ್ಲಿ ಚೀಲ ನೋಡುತ್ತಾರೆ. ಮಕ್ಕಳ ಜೇಬುಗಳನ್ನು ಕೋಣೆಯಲ್ಲಿಯೇ ಒಮ್ಮೆ ನೋಡಿಬಿಡಿ. ಮದುವೆಯ ನಂತರ ಬಾರಾಟಾಂಗ್ ದ್ವೀಪದ ಕಡೆಗೆ ಹೋಗುವವರು ದಾರಿಯಲ್ಲಿ ಅಲ್ಲಿನ ಕಾಡಿನ ಮೂಲನಿವಾಸಿಗಳಾದ ಜಾರವಾ ಜನರು ಕಂಡರೆ ಫೋಟೋ ತೆಗೆಯಬಾರದು, ತಿಂಡಿ ಕೊಡಬಾರದು. ಕಾನೂನಿನ ಮಾತು ಹಾಗಿರಲಿ, ಅವರ ನೆಲದಲ್ಲಿ ನಾವು ಹಾದುಹೋಗುವ ಪರಸ್ಥಳದವರು.

ಹಡಗಿನ ಟಿಕೆಟುಗಳನ್ನು ಒಟ್ಟಿಗೆ ಕಾಯ್ದಿರಿಸಬೇಕಾಗಿರುವುದರಿಂದ, ಬರುವವರೆಲ್ಲರ ಹೆಸರನ್ನು ಆಧಾರ್ ಕಾರ್ಡಿನಲ್ಲಿ ಇರುವಂತೆಯೇ, ವಯಸ್ಸಿನ ಸಮೇತ ಭಾನುವಾರದೊಳಗೆ ಇಲ್ಲಿಯೇ ಬರೆದು ತಿಳಿಸಿ. ಅಮ್ಮನ ಪಕ್ಕದ ಆಸನವನ್ನು ನನಗೆ ಬಿಡಿ, ಇನ್ನೊಂದು ಪಕ್ಕಕ್ಕೆ ಯಾರು ಕೂರುತ್ತೀರೆಂದು ನೀವೇ ಹೇಳಿ.