ಜಾನಿ ವಿಲ್ಕಿನ್ಸನ್: 2003ರ ನಂತರದ ವೃತ್ತಿಜೀವನ

ಪ್ರಶ್ನೆ:
ಸಿಡ್ನಿಯಲ್ಲಿ ನಡೆದ 2003ರ ರಗ್ಬಿ ವಿಶ್ವಕಪ್ ಫೈನಲ್‌ನ ಹೆಚ್ಚುವರಿ ಅವಧಿ ಮುಗಿಯಲು ಕೆಲವೇ ಕ್ಷಣಗಳಿದ್ದಾಗ ಜಾನಿ ವಿಲ್ಕಿನ್ಸನ್ ಡ್ರಾಪ್ ಗೋಲ್ ಹೊಡೆದು ಇಂಗ್ಲೆಂಡನ್ನು ಗೆಲ್ಲಿಸಿದ್ದನ್ನು ಎಲ್ಲರೂ ನೆನೆಯುತ್ತಾರೆ. ಆಗ ಅವರಿಗೆ ಕೇವಲ 24 ವರ್ಷ. ಆ ಎತ್ತರವನ್ನು ಅವರು ಮತ್ತೆ ಮುಟ್ಟಿದರೇ?

ಉತ್ತರ 1:
ಮುಟ್ಟಿದರು, ಆದರೆ ಬಹಳ ತಡವಾಗಿ. ಆ ಫೈನಲ್‌ನ ನಂತರ ಕುತ್ತಿಗೆ, ಭುಜ, ಮೊಣಕಾಲು ಎಂದು ಒಂದರ ಹಿಂದೊಂದು ಗಾಯಗಳು ಕಾಡಿದ್ದರಿಂದ, 2007ರ ಫೆಬ್ರವರಿಯವರೆಗೆ ಅವರು ಇಂಗ್ಲೆಂಡ್ ಪರ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. ಮರಳಿದ ದಿನವೇ ಸ್ಕಾಟ್ಲೆಂಡ್ ವಿರುದ್ಧ 27 ಅಂಕ ಗಳಿಸಿದರು. ಅದೇ ವರ್ಷ ತಂಡವು ಮತ್ತೆ ವಿಶ್ವಕಪ್ ಫೈನಲ್ ತಲುಪಿ, ದಕ್ಷಿಣ ಆಫ್ರಿಕಾಕ್ಕೆ 15–6ರಿಂದ ಸೋತಿತು.

ಉತ್ತರ 2:
ನನ್ನ ದೃಷ್ಟಿಯಲ್ಲಿ ಅವರ ವೃತ್ತಿಜೀವನದ ಸೊಗಸಾದ ಭಾಗವಿರುವುದು ಫ್ರಾನ್ಸಿನಲ್ಲಿ. ಹದಿಹರೆಯದಿಂದಲೂ ಆಡಿದ ನ್ಯೂಕ್ಯಾಸಲ್ ಕ್ಲಬ್ಬನ್ನು 2009ರಲ್ಲಿ ಬಿಟ್ಟು ತೂಲೋನ್ ಸೇರಿದ ಅವರು, 2013 ಮತ್ತು 2014ರಲ್ಲಿ ಯುರೋಪಿನ ಕ್ಲಬ್‌ಗಳ ಪ್ರಮುಖ ರಗ್ಬಿ ಪಂದ್ಯಾವಳಿಯಾದ ಹೈನೆಕೆನ್ ಕಪ್ಪನ್ನು ಸತತವಾಗಿ ಗೆದ್ದ ತಂಡದ ನಾಯಕರಾಗಿದ್ದರು. ಫ್ರೆಂಚ್ ಲೀಗ್ ಪ್ರಶಸ್ತಿಯನ್ನೂ ಗೆದ್ದುಕೊಂಡು 2014ರಲ್ಲೇ ನಿವೃತ್ತರಾದರು. ಗಾಯಗಳಿಂದ ಮುಗಿದೇಹೋದರು ಎನ್ನಿಸಿಕೊಂಡಿದ್ದ ಆಟಗಾರನೊಬ್ಬ 35ರ ಹೊಸ್ತಿಲಲ್ಲಿ ಹೀಗೆ ವಿದಾಯ ಹೇಳುವುದು ಅಪರೂಪ.

ಉತ್ತರ 3:
ಒಂದು ಸಣ್ಣ ಸೇರ್ಪಡೆ: ವಿಲ್ಕಿನ್ಸನ್ ಎಡಗಾಲಿನ ಆಟಗಾರ. ಡ್ರಾಪ್ ಗೋಲ್‌ಗೆ ಕೈಯಿಂದ ಬಿಟ್ಟ ಚೆಂಡು ನೆಲ ಮುಟ್ಟಿ ಏಳುವಾಗಲೇ ಒದೆಯಬೇಕು. 17–17ರ ಸಮಬಲವನ್ನು 20–17ಕ್ಕೆ ತಿರುಗಿಸಿದ ಆ ಒದೆತವನ್ನು ಅವರು ಹೊಡೆದದ್ದು ಬಲಗಾಲಿನಿಂದ.