ಎಣಿಸದೆ ಕಣ್ಣಿಗೆ ಸಿಗುವ ಲೆಕ್ಕಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯಿಂದ ಬರೆಯುತ್ತಿದ್ದೇನೆ. ನನಗೊಂದು ಪದ ಬೇಕಾಗಿದೆ.

ಸಂಜೆ ಹೊತ್ತು ಮನೆಯಲ್ಲಿ ನಾಲ್ಕಾರು ಮಕ್ಕಳಿಗೆ ಪಾಠ ಹೇಳಿಕೊಡುತ್ತೇನೆ. ಅವರಲ್ಲಿ ಒಂಬತ್ತು ವರ್ಷದ ಒಬ್ಬ ಹುಡುಗಿಗೆ ಡಿಸ್‌ಕ್ಯಾಲ್ಕುಲಿಯ ಇದೆ, ಅಂದರೆ ಅಂಕಿ, ಲೆಕ್ಕ ಕಲಿಯುವುದು ಬಹಳ ಕಷ್ಟವಾಗುವ ತೊಂದರೆ. ಕತೆ ಕೇಳಿದರೆ ಒಂದು ಮಾತೂ ಬಿಡದೆ ತಿರುಗಿ ಹೇಳುತ್ತಾಳೆ. ಕಳೆದ ವಾರ ಜೋರು ಮಳೆ, ಜಗಲಿಯಲ್ಲಿ ಚೌಕಾಬಾರ ಹಾಕಿದೆವು. ಕವಡೆ ಇರಲಿಲ್ಲ, ಒಂದು ಮೈ ಬೆಳ್ಳಗಾಗುವಂತೆ ತೇದ ನಾಲ್ಕು ಹುಣಸೆ ಬೀಜ ಇದ್ದವು. ಮೂರು ಬಿಳಿ ಬಿದ್ದ ಕೂಡಲೇ ಉಳಿದವರು 'ಮೂರು' ಅಂತ ಕೂಗುತ್ತಿದ್ದರು. ಇವಳು ಒಂದೊಂದರ ಮೇಲೂ ಬೆರಳಿಟ್ಟು ಒಂದು, ಎರಡು, ಮೂರು ಅನ್ನುತ್ತಿದ್ದಳು. ಮುಂದಿನ ಸಲ ಮತ್ತೆ ಮೂರೇ ಬಿದ್ದರೂ ಮೊದಲಿಂದ ಎಣಿಕೆ.

ಉಳಿದ ಮಕ್ಕಳು ಮಾಡಿದ್ದಕ್ಕೆ ಇಂಗ್ಲಿಷಿನಲ್ಲಿ ಸುಬಿಟೈಸಿಂಗ್ ಅನ್ನುತ್ತಾರೆ. ಲ್ಯಾಟಿನ್ನಿನ 'ಥಟ್ಟನೆ' ಅನ್ನೋ ಅರ್ಥದ ಮಾತಿನಿಂದ 1949ರಲ್ಲಿ ಕಟ್ಟಿದ ಪದ. ಸಾಮಾನ್ಯವಾಗಿ ನಾಲ್ಕರವರೆಗೆ ನಮ್ಮ ಕಣ್ಣು ಹೀಗೆ ಹಿಡಿಯುತ್ತದೆ, ಅದು ದಾಟಿದರೆ ಎಣಿಸಲೇಬೇಕು. ಡಿಸ್‌ಕ್ಯಾಲ್ಕುಲಿಯ ಇರುವ ಎಷ್ಟೋ ಮಕ್ಕಳಿಗೆ ಈ ಹಿಡಿತ ನಿಧಾನ. ಇದೊಂದನ್ನೇ ನೋಡಿ ತೊಂದರೆ ಇದೆ ಅನ್ನೋ ಹಾಗೂ ಇಲ್ಲ.

ಹೆತ್ತವರಿಗೆ ಕೊಡಲು ಒಂದು ಪುಟದ ಬರಹ ಮಾಡುತ್ತಿದ್ದೇನೆ, ಅಲ್ಲೇ ಸಿಕ್ಕಿಹಾಕಿಕೊಂಡೆ. 'ಕಣ್ಣಳತೆ' ಚೆಂದದ ಮಾತು. ಆದರೆ ನಮ್ಮಲ್ಲಿ ಅಡಿಕೆ ರಾಶಿ ನೋಡಿ ಇಷ್ಟು ಕ್ವಿಂಟಾಲ್ ಆದೀತು ಅನ್ನೋದು ಕಣ್ಣಳತೆ. ಅದು ಅಂದಾಜು. ಇಲ್ಲಿ ಮೂರು ಅಂದರೆ ಮೂರೇ. 'ಕಣ್ಣೆಣಿಕೆ' ಅಂತ ಕಟ್ಟಿ ನೋಡಿದೆ. ಬಾಯಿಗೆ ಸಲೀಸು, ಆದರೆ ಎಣಿಸದೇ ಇರೋದೇ ಇದರ ಗುಟ್ಟು, ಅಲ್ವಾ? ಅದಕ್ಕೆ ಎಣಿಕೆ ಅಂತ ಹೆಸರಿಡಲು ಮನಸ್ಸು ಒಪ್ಪುತ್ತಿಲ್ಲ. 'ಥಟ್ಟರಿವು' ಅಂದರೆ ಏನರಿವು ಅಂತ ಯಾರಾದರೂ ಕೇಳಿಯಾರು.

ಡಿಸ್‌ಕ್ಯಾಲ್ಕುಲಿಯಕ್ಕೂ ಒಂದು ಮಾತು ಬೇಕು. 'ನ್ಯೂನತೆ' ಅನ್ನೋದನ್ನು ಮಗುವಿನ ಎದುರು ನಾನು ಆಡಲಾರೆ. ಊರಲ್ಲಿ 'ಲೆಕ್ಕ ತಲೆಗೆ ಹತ್ತೋದಿಲ್ಲ' ಅನ್ನುತ್ತಾರೆ, ತಪ್ಪೆಲ್ಲ ಮಗುವಿನ ತಲೆಯದ್ದು ಅನ್ನೋ ಹಾಗೆ. ಅದನ್ನು ಕೇಳಿ ಕೇಳಿ ಆ ಹುಡುಗಿ ತಾನೇ ಹಾಗೆ ಹೇಳಿಕೊಳ್ಳುತ್ತಾಳೆ. ಸದ್ಯಕ್ಕೆ 'ಲೆಕ್ಕದ ತೊಡಕು' ಅಂತ ಬರೆದಿದ್ದೇನೆ. ತೊಡಕನ್ನು ಬಿಡಿಸಬಹುದು ಅನ್ನೋ ಭಾವ ಅದರಲ್ಲಿದೆ. ಅಂದ ಹಾಗೆ, ಆ ಇಂಗ್ಲಿಷ್ ಪದದೊಳಗಿನ 'ಕ್ಯಾಲ್ಕುಲಸ್' ಅಂದರೆ ಲ್ಯಾಟಿನ್ನಿನಲ್ಲಿ ಎಣಿಸುವ ಸಣ್ಣ ಕಲ್ಲು. ನಮ್ಮ ಹುಣಸೆ ಬೀಜದ್ದೇ ನೆಂಟ.

ಹೊಸದಾಗಿ ಕಟ್ಟುವ ಮೊದಲು ಹಳೆಯದಿದೆಯೇ ಅಂತ ನೋಡೋಣ ಅನ್ನಿಸಿತು. ಚೆನ್ನೆಮಣೆಯಲ್ಲಿ ಒಂದು ಗುಳಿಯೊಳಗೆ ನಾಲ್ಕು ಕಾಳು ಕೂಡಿದ್ದು ಕಂಡ ಕೂಡಲೇ ಅಜ್ಜಿಯಂದಿರು ಎಣಿಸದೆ ಬಾಚಿಕೊಳ್ಳುತ್ತಿದ್ದರು. ಸಾಗರ, ಹೊಸನಗರ, ಶೃಂಗೇರಿ ಕಡೆಯವರೇ, ಆ ನೋಟಕ್ಕೆ ನಿಮ್ಮ ಮನೆಗಳಲ್ಲಿ ಏನಾದರೂ ಮಾತಿತ್ತಾ?