ಸಹಾಯ ಬೇಕು: ಕಾರಿಲ್ಲದೆ ಐರ್ಲೆಂಡ್‌ನ ಕ್ಲಾನ್‌ಮ್ಯಾಕ್‌ನಾಯ್ಸ್ ಮಠ ತಲುಪುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಊರಿನಿಂದ ಅಪ್ಪ, ಅಮ್ಮ ಡಬ್ಲಿನ್‌ಗೆ ಬಂದಿದ್ದಾರೆ. ಗ್ಲೆಂಡಲಾಕ್‌ನ ಸರೋವರಗಳನ್ನೂ ಸುಮಾರು 30 ಮೀಟರ್ ಎತ್ತರದ ದುಂಡು ಗೋಪುರವನ್ನೂ ಬಸ್ಸಿನಲ್ಲೇ ಹೋಗಿ ನೋಡಿದೆವು. ಸಮುದ್ರದ ನಡುವಿನ ದ್ವೀಪ ಸ್ಕೆಲಿಗ್ ಮೈಕೆಲ್ ಕೈಬಿಟ್ಟೆವು. 600ಕ್ಕೂ ಹೆಚ್ಚು ಮೆಟ್ಟಿಲು, ಅಮ್ಮನ ಮೊಣಕಾಲಿಗೆ ಆಗದು.

ಅಪ್ಪನಿಗೆ ಕಲ್ಲಿನ ಕೆತ್ತನೆಯೆಂದರೆ ಪ್ರಾಣ. ಷಾನನ್ ನದಿಯ ದಂಡೆಯಲ್ಲಿ 6ನೇ ಶತಮಾನದಲ್ಲಿ ಸ್ಥಾಪನೆಯಾದ ಕ್ಲಾನ್‌ಮ್ಯಾಕ್‌ನಾಯ್ಸ್ ಮಠದ ಶಿಲುಬೆಗಳನ್ನು ಅವರಿಗೆ ತೋರಿಸಲೇಬೇಕು. ಮೂಲ ಶಿಲುಬೆಗಳು ಈಗ ಒಳಾಂಗಣದಲ್ಲಿವೆ, ಮಳೆ ಬಂದರೂ ಚಿಂತೆಯಿಲ್ಲ.

ಹತ್ತಿರದ ಅಥ್ಲೋನ್ ಪಟ್ಟಣದವರೆಗೆ ರೈಲಿದೆ. ಮುಂದಕ್ಕೆ ಎಷ್ಟು ಹುಡುಕಿದರೂ ಬಸ್ ಸಿಗುತ್ತಿಲ್ಲ. ಟ್ಯಾಕ್ಸಿಯಲ್ಲಿ ಹೋದರೆ, ಮರಳಲು ಆ ಹಳ್ಳಿಗಾಡಿನಲ್ಲಿ ಇನ್ನೊಂದು ಸಿಗುತ್ತದೆಯೇ ಎಂಬ ಭಯ.

ಹಿರಿಯರೊಂದಿಗೆ ಹೋಗಿಬಂದವರು ದಯವಿಟ್ಟು ತಿಳಿಸಿ: ಅಥ್ಲೋನ್‌ನಿಂದ ಟ್ಯಾಕ್ಸಿ ಮಾಡಿ ಅಲ್ಲಿಯೇ ಕಾಯಿಸಿಕೊಳ್ಳುವುದು ಸಾಧ್ಯವೇ, ಅಥವಾ ನದಿಯಲ್ಲಿ ದೋಣಿ ಹಿಡಿಯುವುದು ಅವರಿಗೆ ಸುಲಭವೇ?